ಸಂತ ಅನ್ನಮ್ಮನವರ ಕೈಯಲ್ಲಿನ ಪುಸ್ತಕ



ಜುಲೈ ತಿಂಗಳಿನಲ್ಲಿ ಧರ್ಮಸಭೆಯು ಎರಡು ಹಬ್ಬಗಳನ್ನು ಹತ್ತಿರ ಹತ್ತಿರದಲ್ಲೇ ಆಚರಿಸುತ್ತದೆ. 16ರಂದು ಕಾರ್ಮೆಲ್ ಮಾತೆಯ ಹಬ್ಬ. 26ರಂದು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ. ಅನ್ನಮ್ಮನವರ ಹೆಸರು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಅದು ನಮಗೆ ಬಂದಿರುವುದು ಪ್ರಾಚೀನ ಸಂಪ್ರದಾಯದಿಂದ. ಆದರೆ ಕಲಾವಿದರು ಶತಮಾನಗಳಿಂದ ಅವರನ್ನು ಪುಸ್ತಕ ತೆರೆದು ಬಾಲೆ ಮರಿಯಳಿಗೆ ಓದಲು ಕಲಿಸುವ ತಾಯಿಯಾಗಿ ಚಿತ್ರಿಸುತ್ತಾ ಬಂದಿದ್ದಾರೆ. ದೇವರ ತಾಯಿಯಾಗಲಿದ್ದ ಹೆಣ್ಣುಮಗುವಿಗೆ ಅಕ್ಷರ ಬೇಕೆಂದು ಭಕ್ತರ ಮನಸ್ಸಿಗೆ ತೋಚಿದ್ದು ಸಣ್ಣ ಸಂಗತಿಯಲ್ಲ.

ಈ ಎರಡು ಹಬ್ಬಗಳೂ ಕೂಡುವ ಒಂದು ಸ್ಥಳ ನಮ್ಮ ಕರಾವಳಿಯಲ್ಲಿದೆ. ಅದು ಮಂಗಳೂರಿನ ಸಂತ ಅನ್ನಮ್ಮನವರ ಶಾಲೆ. ಎಲ್ಲರ ಬಾಯಲ್ಲೂ ಅದು ಸೇಂಟ್ ಆನ್ಸ್. ಅದನ್ನು ಕಟ್ಟಿದವರು ಅಪೊಸ್ತಲಿಕ ಕಾರ್ಮೆಲ್ ಸಭೆಯ ಭಗಿನಿಯರು. ಅವರ ಕಥೆಯನ್ನು ಹಬ್ಬದ ಈ ದಿನಗಳಲ್ಲಿ ನಾವು ಒಮ್ಮೆ ನೆನೆಯೋಣ.

ಕಥೆಯ ಮೊದಲ ವ್ಯಕ್ತಿ ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ. ದೀರ್ಘಕಾಲದ ಮನೋಮಂಥನದ ನಂತರ 1850ರಲ್ಲಿ ಆಕೆ ಕಥೋಲಿಕ ಧರ್ಮಸಭೆಯನ್ನು ಸೇರಿದರು, ಬಳಿಕ ಸಂತ ಜೋಸೆಫರ ಭಗಿನಿಯರ ಸಭೆಯಲ್ಲಿ ಸನ್ಯಾಸಿನಿಯಾದರು. 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದು ಅಲ್ಲಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಅಲ್ಲಿದ್ದಾಗಲೇ ಕಾರ್ಮೆಲಿನ ಕರೆ ಅವರನ್ನು ಕಾಡಿತು. ಫ್ರೆಂಚ್ ಕಾರ್ಮೆಲೈಟ್ ಗುರುಗಳಾಗಿದ್ದ, ಮುಂದೆ ಮಂಗಳೂರಿನ ಧರ್ಮಾಧ್ಯಕ್ಷರಾದ ಮರೀ ಎಫ್ರೆಮ್ ಅವರಿಗೂ ಒಂದು ಕನಸಿತ್ತು. ಕಾರ್ಮೆಲಿನ ಪ್ರಾರ್ಥನೆಯನ್ನೂ ಶಾಲೆಯ ಸೇವೆಯನ್ನೂ ಒಂದೇ ಬದುಕಿನಲ್ಲಿ ಹೊತ್ತ ಭಗಿನಿಯರು ತಮ್ಮ ಮಿಷನ್ ಕ್ಷೇತ್ರಕ್ಕೆ ಬರಬೇಕೆಂಬುದು ಅವರ ಬಯಕೆ. 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನವೇ, ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಆ ಕನಸು ಮಠವಾಗಿ ನಿಂತಿತು. ಸೋಫಿ ಈಗ ಯಾತನೆಯ ಮದರ್ ವೆರೋನಿಕಾ ಆಗಿದ್ದರು.

1870ರಲ್ಲಿ ಬಯೋನ್‌ನಿಂದ ಮೂವರು ಭಗಿನಿಯರು ಭಾರತಕ್ಕೆ ಹೊರಟರು. ಮಂಗಳೂರಿನಲ್ಲಿ ಧ್ಯಾನಮಠವನ್ನು ಆರಂಭಿಸಲು ಪೋ ಪಟ್ಟಣದ ಕಾರ್ಮೆಲ್ ಮಠದವರೂ ಅದೇ ಪ್ರಯಾಣದಲ್ಲಿದ್ದರು. ಅವರಲ್ಲಿ ಒಬ್ಬರು ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಸಂತಪದವಿಗೇರಿಸಿದ್ದು ಇವರನ್ನೇ. ಸಮುದ್ರಯಾನ ಸುಲಭವಾಗಿರಲಿಲ್ಲ, ಮಂಗಳೂರು ಸೇರುವ ಮೊದಲೇ ಮೂವರು ಕಾರ್ಮೆಲ್ ಸನ್ಯಾಸಿನಿಯರು ಪ್ರಾಣ ತೆತ್ತರು. ಉಳಿದವರು ನವೆಂಬರ್ 19ರಂದು ಇಲ್ಲಿಗೆ ಕಾಲಿಟ್ಟರು. ಮರಿಯಂ ಅವರಿಗೆ ಅಕ್ಷರಜ್ಞಾನ ತೀರ ಕಡಿಮೆ. ಜೊತೆಗೆ ಬಂದವರು ಅಕ್ಷರ ಕಲಿಸುವವರು. ಪಾವಿತ್ರ್ಯಕ್ಕೆ ಓದು ಬೇಕೇಬೇಕೆಂದಿಲ್ಲ, ಆದರೆ ಓದು ಕಲಿಸುವುದೂ ಪಾವಿತ್ರ್ಯದ ಹಾದಿಯೇ ಎಂಬುದನ್ನು ಒಂದೇ ಪ್ರಯಾಣ ಸಾರಿತು.

ಅವರು ಬಂದಿಳಿದ ಊರನ್ನೂ ಅರಿಯಬೇಕು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋಗಿ, 1799ರ ನಂತರ ಅಳಿದುಳಿದವರಾಗಿ ಹಿಂದಿರುಗಿದ ಕ್ರೈಸ್ತರ ಮೊಮ್ಮಕ್ಕಳು, ಮರಿಮಕ್ಕಳು ಇಲ್ಲಿದ್ದರು. ಗದ್ದೆ, ಮನೆ, ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡಿದ್ದ ಜನರಿಗೆ ಈಗ ವಿದ್ಯೆಯ ಹಸಿವು. ಬಾಸೆಲ್ ಮಿಷನ್ನಿನವರು 1834ರಿಂದಲೇ ಇಲ್ಲಿ ಕೆಲಸ ಆರಂಭಿಸಿ ಶಾಲೆಗಳನ್ನು ತೆರೆದಿದ್ದರು. ಆದರೆ ಹೆಣ್ಣುಮಗಳನ್ನು ಹೈಸ್ಕೂಲಿನವರೆಗೆ ಓದಿಸುವುದು ಬೇರೆಯೇ ಮಾತು. ಹೈಸ್ಕೂಲಿನ ವಯಸ್ಸೇ ಅಂದಿನ ಮದುವೆಯ ವಯಸ್ಸು. 1929ರಲ್ಲಿ ಬಂದ ಶಾರದಾ ಕಾಯಿದೆ ಕೂಡ ಹುಡುಗಿಗೆ ನಿಗದಿ ಮಾಡಿದ್ದು ಕನಿಷ್ಠ 14 ವರ್ಷ ಮಾತ್ರ! ಮಗಳನ್ನು ಎಂಟನೇ, ಒಂಬತ್ತನೇ ತರಗತಿಗೆ ಕಳುಹಿಸುವುದೆಂದರೆ ಮದುವೆಯನ್ನು ಮುಂದೂಡುವುದು, ನೆಂಟರಿಷ್ಟರ ಮಾತು ಕೇಳುವುದು. ಬೆಳೆದ ಮಗಳನ್ನು ನಂಬಿ ಒಪ್ಪಿಸಲು ಮನೆಯವರಿಗೆ ಶಿಕ್ಷಕಿಯರೇ ಬೇಕಿತ್ತು. ಆ ನಂಬಿಕೆಗೆ ಭಗಿನಿಯರು ಆಸರೆಯಾದರು. ಅವರಲ್ಲಿ ಕಲಿತ ಹುಡುಗಿಯರೇ ಮುಂದೆ ಟೀಚರುಗಳಾಗಿ ಇತರರಿಗೆ ಕಲಿಸಿದರು. 1921ರಲ್ಲಿ ಮದರ್ ಅಲೋಶಿಯಾ ಅವರು ಸಂತ ಆಗ್ನೆಸ್ ಕಾಲೇಜನ್ನು ಸ್ಥಾಪಿಸಿದಾಗ, ಕರಾವಳಿಯ ಹೆಣ್ಣುಮಕ್ಕಳಿಗೆ ಪದವಿಯ ಬಾಗಿಲೂ ತೆರೆಯಿತು.

ಇಷ್ಟೆಲ್ಲ ಆದಾಗ ಮದರ್ ವೆರೋನಿಕಾ ಎಲ್ಲಿದ್ದರು? ಬಯೋನ್‌ನ ಅವರ ಮಠ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗಿತ್ತು. ಅವರು ಪೋ ಪಟ್ಟಣದ ಧ್ಯಾನಮಠಕ್ಕೆ ಮರಳಿ, 1906ರ ನವೆಂಬರ್ 16ರಂದು ಅಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. ಲೋಕದ ಲೆಕ್ಕದಲ್ಲಿ ಅದು ಸೋಲು. ಆದರೆ ನೆಲಕ್ಕೆ ಬಿದ್ದು ಸಾಯುವ ಗೋಧಿಯ ಕಾಳಿನ ಬಗ್ಗೆ ಯೇಸುಸ್ವಾಮಿ ಹೇಳಿದ್ದು ಇಂಥವರನ್ನು ಕುರಿತೇ. ಬಯೋನ್‌ನಲ್ಲಿ ಒಣಗಿದ ಗಿಡ ಮಂಗಳೂರಿನಲ್ಲಿ ಚಿಗುರಿ, ಭಾರತದ ನಾನಾ ರಾಜ್ಯಗಳಿಗೂ ಶ್ರೀಲಂಕಾಕ್ಕೂ ಹಬ್ಬಿತು. 1948ರಲ್ಲಿ ಬೆಂಗಳೂರಿಗೆ ಬಂದ ಮೌಂಟ್ ಕಾರ್ಮೆಲ್ ಕಾಲೇಜು ಅದರದೇ ಕೊಂಬೆ. 2014ರಲ್ಲಿ ಧರ್ಮಸಭೆ ಮದರ್ ವೆರೋನಿಕಾ ಅವರನ್ನು ‘ಪೂಜನೀಯ’ರೆಂದು ಘೋಷಿಸಿತು.

1901ರ ಜನಗಣತಿಯಲ್ಲಿ ಭಾರತದ ನೂರು ಹೆಂಗಸರಲ್ಲಿ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. 2011ರಲ್ಲಿ ದಕ್ಷಿಣ ಕನ್ನಡದ ಮಹಿಳಾ ಸಾಕ್ಷರತೆ ಶೇಕಡಾ 84 ದಾಟಿತ್ತು. ಇದು ಕೇವಲ ಕಾನ್ವೆಂಟುಗಳ ಸಾಧನೆಯಲ್ಲ. ಸರ್ಕಾರಿ ಶಾಲೆಗಳೂ ಇತರ ಧರ್ಮಗಳ ಸಂಸ್ಥೆಗಳೂ ದುಡಿದಿವೆ. ಆದರೆ ದಾರಿ ಕಡಿದವರನ್ನು ಮರೆಯುವುದು ಸಲ್ಲದು.

ಹಾಗಾದರೆ ಭಗಿನಿಯರ ಕೆಲಸ ಮುಗಿಯಿತೇ? ಇಂದು ನಮ್ಮ ಮನೆಗಳಲ್ಲಿ ಕಾನ್ವೆಂಟ್ ಶಾಲೆ ಎಂದರೆ ಮೊದಲು ನೆನಪಾಗುವುದು ಸೀಟು, ಫೀಸು, ಮಾರ್ಕ್ಸು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಬೇರೊಂದನ್ನು ನೆನಪಿಸಿತು: ಬಡವರು, ಕುಟುಂಬದ ಆಸರೆ ಇಲ್ಲದವರು, ವಿಶ್ವಾಸದಿಂದ ದೂರವಿರುವವರು ನಮ್ಮ ಶಾಲೆಗಳ ವಿಶೇಷ ಹೊಣೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಯಾರಿಗಾಗಿ ಬಳಸುತ್ತೇವೆ ಎಂಬುದಕ್ಕೆ ಉತ್ತರ ಕೊಡಬೇಕಾದವರು ನಾವು. ಕಾರಣ ಭಗಿನಿಯರೊಬ್ಬರೇ ಈ ಭಾರ ಹೊರಲಾರರು. ಒಂದು ಬಡ ಹುಡುಗಿಯ ಹತ್ತನೇ ತರಗತಿಯ ಖರ್ಚನ್ನು ಒಂದು ಕುಟುಂಬ ವಹಿಸಿಕೊಳ್ಳಬಹುದು. ಮನೆಗೆಲಸಕ್ಕೆ ಬರುವ ತಾಯಿಯ ಮಗಳು ಶಾಲೆ ಬಿಟ್ಟಿದ್ದಾಳೆಯೇ ಎಂದು ವಿಚಾರಿಸಬಹುದು. ಮಗಳಿಗೆ ಬಂದ ದೈವಕರೆಗೆ ತಂದೆತಾಯಿ ಅಡ್ಡಿಯಾಗದಿರಬಹುದು. ಆ ಮೂವರು ಭಗಿನಿಯರಿಗೂ ತಂದೆತಾಯಿಗಳಿದ್ದರಲ್ಲವೇ?

ಸಂತ ಅನ್ನಮ್ಮನವರ ಕೈಯಲ್ಲಿರುವ ಪುಸ್ತಕ ಇನ್ನೂ ತೆರೆದೇ ಇದೆ. ಅದರ ಮುಂದೆ ಕುಳಿತುಕೊಳ್ಳಲು ಜಾಗ ಸಿಗದ ಹೆಣ್ಣುಮಗು ನಮ್ಮ ಧರ್ಮಕೇಂದ್ರದಲ್ಲಿ ಒಬ್ಬಳೂ ಇರದಂತೆ ನೋಡಿಕೊಳ್ಳುವ ಮನಸ್ಸನ್ನು, ಕಾರ್ಮೆಲ್ ಮಾತೆಯ ಬಿನ್ನಹದ ಮೂಲಕ, ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.