ಗೆರೆ ಇಲ್ಲದ ಓಟ



ಓಟದ ಪಂದ್ಯವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಸುಣ್ಣದ ಗೆರೆ ಎಳೆದ ಮೈದಾನ. ಎಲ್ಲಿಂದ ಹೊರಡಬೇಕು, ಎಲ್ಲಿ ತಿರುಗಬೇಕು ಎಂಬುದೆಲ್ಲ ಅಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಆ ಗೆರೆಯನ್ನು ಅಳಿಸಿ, ಓಟಗಾರನ ಕೈಗೆ ಒಂದು ನಕಾಶೆ ಮತ್ತು ದಿಕ್ಸೂಚಿಯನ್ನು ಕೊಟ್ಟು, ‘ದಾರಿಯನ್ನು ನೀನೇ ಕಂಡುಕೊಂಡು ಬಾ’ ಎಂದರೆ ಹೇಗೆ? ಅಂಥ ಪಂದ್ಯಗಳಿಗೆ ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾದ ಇತಿಹಾಸವಿದೆ. ಇಂದು ನಮ್ಮ ಮಕ್ಕಳೂ ಬೆಟ್ಟದ ಓಟಕ್ಕೆ, ಚಾರಣಕ್ಕೆ ಹೆಸರು ಬರೆಸುತ್ತಿದ್ದಾರೆ. ಅವರನ್ನು ಕಾಪಾಡುವುದು ಯಾವುದು ಎಂಬುದಕ್ಕೆ ಈ ಇತಿಹಾಸದಲ್ಲಿ ಉತ್ತರವಿದೆ.

ಈ ಕಲೆ ಹುಟ್ಟಿದ್ದು ಸೈನ್ಯದಲ್ಲಿ. ಅಪರಿಚಿತ ನೆಲವನ್ನು ನಕಾಶೆ, ದಿಕ್ಸೂಚಿಗಳ ನೆರವಿನಿಂದ ದಾಟುವುದಕ್ಕೆ ‘ಓರಿಯೆಂಟೇರಿಂಗ್’ ಎಂಬ ಹೆಸರು ಸ್ವೀಡನ್ನಿನ ಸೈನಿಕ ವಲಯದಲ್ಲಿ 1886ರಲ್ಲಿ ಬಳಕೆಗೆ ಬಂತು. ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆದದ್ದು ನಾರ್ವೆಯಲ್ಲಿ, 1897ರ ಅಕ್ಟೋಬರ್ 31ರಂದು. ದಾರಿಯಲ್ಲಿ ಮುಟ್ಟಬೇಕಾದ ಠಾಣೆಗಳು ಮೂರೇ ಮೂರು. 1919ರಲ್ಲಿ ಅರ್ನ್‌ಸ್ಟ್ ಕಿಲ್ಲಾಂಡರ್ ಎಂಬ ಸೇನಾಧಿಕಾರಿ ಸ್ಟಾಕ್‌ಹೋಮ್ ನಗರದ ದಕ್ಷಿಣದ ಕಾಡಿನಲ್ಲಿ ದೊಡ್ಡ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ತರುಣರಿಗೆ ಮೈದಾನದ ಓಟದಲ್ಲಿ ಆಸಕ್ತಿ ಕುಗ್ಗುತ್ತಿದ್ದುದನ್ನು ಕಂಡು, ಕಾಡನ್ನೇ ಮೈದಾನ ಮಾಡಿದವರು ಅವರು. ಸುಮಾರು 220 ಮಂದಿ ಓಡಿದರು. 1930ರ ದಶಕದ ಆರಂಭದಲ್ಲಿ ಅದೇ ನಾಡಿನಲ್ಲಿ, ಪಾರದರ್ಶಕ ತಳದ ಮೇಲೆ ದ್ರವ ತುಂಬಿದ ದಿಕ್ಸೂಚಿ ತಯಾರಾಯಿತು. ಮುಳ್ಳು ಬೇಗನೆ ನಿಲ್ಲುವಂತಾಯಿತು. ಕೋನವನ್ನು ನಕಾಶೆಯ ಮೇಲೇ ಅಳೆಯುವಂತಾಯಿತು. ಸೈನಿಕನ ವಿದ್ಯೆ ಶಾಲೆಯ ಹುಡುಗನ ಕೈಗೂ ಎಟುಕಿತು. 1961ರಲ್ಲಿ ಹತ್ತು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಸ್ಥಾಪಿಸಿದವು.

ಈ ಬೇರಿನಿಂದಲೇ ಮುಂದೆ ಸಾಹಸ ಸ್ಪರ್ಧೆಗಳು ಚಿಗುರಿದವು. 1968ರಲ್ಲಿ ಇಂಗ್ಲೆಂಡಿನಲ್ಲಿ ಎರಡು ದಿನಗಳ ಬೆಟ್ಟದ ಮ್ಯಾರಥಾನ್ ಆರಂಭವಾಯಿತು. ಇಬ್ಬಿಬ್ಬರ ಜೋಡಿ, ಡೇರೆ, ಹೊದಿಕೆ, ಒಲೆ, ಆಹಾರ ಎಲ್ಲವನ್ನೂ ಬೆನ್ನ ಮೇಲೆ ಹೊತ್ತೇ ಓಡಬೇಕು. 1983ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಓಟ, ಸೈಕಲ್ ಮತ್ತು ದೋಣಿಯಿಂದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ದಾಟುವ ಸ್ಪರ್ಧೆ ಬಂತು. 1989ರಲ್ಲಿ ಫ್ರಾನ್ಸಿನ ಜೆರಾರ್ ಫ್ಯುಸಿಲ್ ಅದೇ ದೇಶದಲ್ಲಿ ಹಲವು ದಿನಗಳ ‘ರೇಡ್ ಗೊಲ್ವಾಸ್’ ನಡೆಸಿದರು. ತಂಡಕ್ಕೆ ಐವರು, ಅವರಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು, ಎಲ್ಲರೂ ಒಟ್ಟಿಗೇ ಗುರಿ ಮುಟ್ಟಬೇಕು. ಒಬ್ಬನ ವೇಗಕ್ಕಿಂತ ಎಲ್ಲರ ಕ್ಷೇಮ ದೊಡ್ಡದೆಂಬ ಮಾತು ಇಲ್ಲಿ ನಿಯಮವೇ ಆಯಿತು.

ನಿಯಮಗಳ ಬೆಲೆ ತಿಳಿಯುವುದು ಹವೆ ಕೆಟ್ಟಾಗ. ಎರಡು ಘಟನೆಗಳನ್ನು ನೋಡಿ. 2008ರ ಅಕ್ಟೋಬರಿನಲ್ಲಿ, 1968ರಲ್ಲಿ ಆರಂಭವಾದ ಆ ಬೆಟ್ಟದ ಮ್ಯಾರಥಾನ್ ಇಂಗ್ಲೆಂಡಿನ ಬೊರೋಡೇಲ್ ಕಣಿವೆಯಲ್ಲಿ ನಡೆಯುತ್ತಿತ್ತು. ಬಿರುಗಾಳಿ, ಮಳೆ, ಪ್ರವಾಹ. ಮೊದಲ ದಿನವೇ ಸ್ಪರ್ಧೆ ರದ್ದಾಯಿತು. ಬೆಟ್ಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಓಟಗಾರರಿದ್ದರು. ನೂರಾರು ಮಂದಿ ಎಲ್ಲಿದ್ದಾರೆಂಬುದು ಗಂಟೆಗಟ್ಟಲೆ ತಿಳಿಯದೆ, ಸುದ್ದಿ ಕೇಳಿದವರು ಗಾಬರಿಯಾದರು. ಆದರೆ ಹಲವರು ಡೇರೆ ಹೂಡಿ ರಾತ್ರಿ ಕಳೆದಿದ್ದರು. ಇನ್ನು ಕೆಲವರು ನಕಾಶೆ ನೋಡಿಕೊಂಡು ಇಳಿದು ಕೊಟ್ಟಿಗೆಗಳಲ್ಲಿ, ಕಲ್ಲುಗಣಿಯ ಕಟ್ಟಡದಲ್ಲಿ ಆಶ್ರಯ ಪಡೆದಿದ್ದರು. ಒಬ್ಬರೂ ಪ್ರಾಣ ಕಳೆದುಕೊಳ್ಳಲಿಲ್ಲ.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟ ನಡೆಯಿತು. ಹೊರಟವರು 172 ಮಂದಿ. ಆಲಿಕಲ್ಲು, ಮಳೆ, ಬಿರುಗಾಳಿ ಒಟ್ಟಿಗೇ ಎರಗಿದವು. ಗಾಳಿ ತಡೆಯುವ ಅಂಗಿಯನ್ನು ತರುವುದು ಅಲ್ಲಿ ಕಡ್ಡಾಯವಾಗಿರಲಿಲ್ಲ. ಅನೇಕರು ಅರೆತೋಳಿನ ಅಂಗಿ, ಚಡ್ಡಿಯಲ್ಲೇ ಇದ್ದರು. ಇಪ್ಪತ್ತೊಂದು ಮಂದಿ ತೀರಿಕೊಂಡರು. ಅವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಕುರಿ ಕಾಯುತ್ತಿದ್ದವರೊಬ್ಬರು ತಾವು ತಂಗುತ್ತಿದ್ದ ಗುಹೆಯಲ್ಲಿ ಬೆಂಕಿ ಹಾಕಿ ಆರು ಜನರನ್ನು ಉಳಿಸಿಕೊಂಡರು. ಹವೆಯ ವೈಪರೀತ್ಯದ ಜೊತೆಗೆ ವ್ಯವಸ್ಥೆಯ ಲೋಪವೂ ಕಾರಣವೆಂದು ಸರ್ಕಾರಿ ವಿಚಾರಣೆ ಹೇಳಿತು.

ಎರಡೂ ಕಡೆ ಗಾಳಿ ಮಳೆ ಎಚ್ಚರಿಕೆ ಕೇಳಿ ಬರಲಿಲ್ಲ. ಒಂದು ಕಡೆ ಬೆನ್ನಿಗೆ ಡೇರೆ, ಪಕ್ಕದಲ್ಲಿ ಜೊತೆಗಾರ, ತಲೆಯಲ್ಲಿ ದಾರಿಯ ಅರಿವು ಇತ್ತು. ಇನ್ನೊಂದು ಕಡೆ ಗುರುತು ಹಾಕಿದ ದಾರಿಯಿತ್ತು, ಆದರೆ ಮೈ ಬೆಚ್ಚಗಿಡುವ ಸಾಧನವಿರಲಿಲ್ಲ.

ಇನ್ನು ತರಬೇತಿಯ ಮಾತು. ನಕಾಶೆ ನಮಗೆ ಹೊಸದಲ್ಲ. ವಿಲಿಯಂ ಲ್ಯಾಂಬ್ಟನ್ ತನ್ನ ಭೂಮಾಪನದ ಆಧಾರರೇಖೆಯನ್ನು ಬೆಂಗಳೂರಿನ ಬಳಿ ಅಳೆದದ್ದು 1800ರಲ್ಲಿ. 2005ರ ನಕಾಶೆ ನೀತಿಯ ನಂತರ ಸರ್ವೆ ಆಫ್ ಇಂಡಿಯಾದ ಒಂದು ಮಾಲಿಕೆಯ ನಕಾಶೆಗಳು ಜನಸಾಮಾನ್ಯರಿಗೆಂದೇ ಬಂದವು. ಅಂಥ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಐನೂರು ಮೀಟರ್. ಲೆಕ್ಕಗಳೂ ಸುಲಭ. ಬಯಲಿನಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ; ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಸೂತ್ರವನ್ನು ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಮೈಲಿ, ಅಡಿಗಳಲ್ಲಿ ಹೇಳಿದ್ದರು. ದಿಕ್ಸೂಚಿ ಹಿಡಿಯುವಲ್ಲಿ ಐದು ಡಿಗ್ರಿ ತಪ್ಪಿದರೆ, ಎರಡು ಕಿಲೋಮೀಟರ್ ನಡೆಯುವಷ್ಟರಲ್ಲಿ ನೀವು ಸುಮಾರು 175 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಮಂಜು ಕವಿದ ಬೆಟ್ಟದಲ್ಲಿ ಪ್ರಪಾತಕ್ಕೆ ಅಷ್ಟು ಸಾಕು.

ಓರಿಯೆಂಟೇರಿಂಗ್ ಕ್ರೀಡೆಯಲ್ಲಿ ಒಂದು ಹಳೆಯ ಕಟ್ಟಳೆಯಿದೆ: ಅರ್ಧಕ್ಕೇ ಬಿಟ್ಟವರೂ ಗುರಿಯ ಜಾಗಕ್ಕೆ ಬಂದು ತಮ್ಮ ಹೆಸರು ಹೇಳಬೇಕು. ಬಿಟ್ಟುಬಂದದ್ದು ಅವಮಾನವಲ್ಲ, ಹೇಳದೆ ಮನೆಗೆ ಹೋದದ್ದು ತಪ್ಪು. ಏಕೆಂದರೆ ಅವರನ್ನು ಹುಡುಕಲು ಬೇರೆಯವರು ಕತ್ತಲಲ್ಲಿ ಹೋಗಬೇಕಾಗುತ್ತದೆ.

ಆದ್ದರಿಂದ, ಮುಂದಿನ ಸಲ ನಿಮ್ಮ ಮಗ ಅಥವಾ ಮಗಳು ಇಂಥ ಸ್ಪರ್ಧೆಗೆ ಹೊರಟು ನಿಂತಾಗ ಬೇಡವೆನ್ನಬೇಡಿ. ವ್ಯವಸ್ಥಾಪಕರನ್ನು ನಾಲ್ಕು ಪ್ರಶ್ನೆ ಕೇಳಿ: ಕಡ್ಡಾಯವಾಗಿ ಒಯ್ಯಬೇಕಾದದ್ದೇನು? ಅದನ್ನು ಹೊರಡುವ ಮುನ್ನ ಯಾರು ಪರೀಕ್ಷಿಸುತ್ತಾರೆ? ಹವೆ ಕೆಟ್ಟರೆ ಓಟ ನಿಲ್ಲಿಸುವ ಅಧಿಕಾರ ಯಾರದು? ಸಂಜೆ ಮರಳಿದವರ ಎಣಿಕೆ ಇಡುವವರು ಯಾರು? ನಾಲ್ಕಕ್ಕೂ ನೇರ ಉತ್ತರ ದೊರೆತರೆ ಧೈರ್ಯವಾಗಿ ಕಳುಹಿಸಿ. ಚೀಲದಲ್ಲಿ ಒಂದು ಬೆಚ್ಚನೆಯ ಅಂಗಿಯನ್ನು ಮಾತ್ರ ನಿಮ್ಮ ಕೈಯಾರೆ ಇಡಿ.