ವ್ಯಾಖ್ಯಾನದ ಪೀಠ ಯಾರದು?

‘ಸಂಸ್ಕಾರ’ವನ್ನೋ ‘ಮರಳಿ ಮಣ್ಣಿಗೆ’ಯನ್ನೋ ಓದಿ ಮುಗಿಸಿದವರು ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯುವುದು, ಅದಕ್ಕೆ ಮುಖಪರಿಚಯವೂ ಇಲ್ಲದ ಹತ್ತು ಜನ ಎದುರಾಡುವುದು ಈಗ ಮಾಮೂಲು. ಓದು ಏಕಾಂತದ ಕೆಲಸ, ಅದನ್ನು ಸಂತೆಗೆ ತಂದುಬಿಟ್ಟರು ಎಂದು ಕೊರಗುವವರೂ ಇದ್ದಾರೆ. ಮೊದಲು ಏಕಾಂತವಿತ್ತು, ಗದ್ದಲ ಆಮೇಲೆ ಬಂತು ಎಂಬ ನಂಬಿಕೆ ಆ ಕೊರಗಿನ ಬುಡದಲ್ಲಿದೆ. ಕನ್ನಡದ ಮಟ್ಟಿಗೆ ಈ ನಂಬಿಕೆ ನಿಲ್ಲುವುದಿಲ್ಲ. ನಮ್ಮಲ್ಲಿ ಕಥೆಯ ಓದಿಗೆ ಮಾತು ಮೊದಲಿನಿಂದಲೂ ಅಂಟಿಕೊಂಡೇ ಬಂದಿದೆ. ಕಾಲಕಾಲಕ್ಕೆ ಬದಲಾದದ್ದು ಆ ಮಾತಾಡುವ ಹಕ್ಕು ಯಾರ ಕೈಯಲ್ಲಿತ್ತು ಎಂಬುದಷ್ಟೇ.

ಕಾದಂಬರಿ ಬರುವ ಮೊದಲು ದೊಡ್ಡ ಕಥೆಯೆಂದರೆ ಗದುಗಿನ ಭಾರತ, ಜೈಮಿನಿ ಭಾರತ. ಅವುಗಳನ್ನು ಒಬ್ಬರೇ ಕುಳಿತು ಮನಸ್ಸಿನಲ್ಲೇ ಓದಿಕೊಂಡವರಿಗಿಂತ ಗುಡಿಯ ಪಡಸಾಲೆಯಲ್ಲಿ, ಮನೆಯ ಜಗಲಿಯಲ್ಲಿ ಕೂತು ಕೇಳಿದವರೇ ಹೆಚ್ಚು. ಗಮಕಿ ಒಂದು ಷಟ್ಪದಿಯನ್ನು ರಾಗವಾಗಿ ವಾಚಿಸಿ ನಿಲ್ಲಿಸುತ್ತಾನೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಪದ ಬಿಡಿಸುತ್ತಾನೆ, ಹಿಂದಿನ ಕಥೆಗೆ ಕೊಂಡಿ ಹಾಕುತ್ತಾನೆ, ಕರ್ಣ ಜನ್ಮರಹಸ್ಯ ತಿಳಿದ ಮೇಲೂ ದುರ್ಯೋಧನನನ್ನು ಬಿಡದಿದ್ದದ್ದು ಸರಿಯೇ ಎಂದು ವಿಚಾರಿಸುತ್ತಾನೆ. ಕರಾವಳಿಯ ತಾಳಮದ್ದಳೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ಪಾತ್ರದ ಪರವಾಗಿ ವಾದ ಹೂಡುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು, ಆ ಉತ್ತರ ತೂಕದ್ದೋ ಅಲ್ಲವೋ ಎಂದು ಸಭೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತೂಗುತ್ತದೆ. ಪುರಾಣ ಕೇಳುವುದೆಂದರೆ ಕೈಮುಗಿದು ಕೂರುವುದು, ಅದನ್ನು ವಿಮರ್ಶೆಯೆನ್ನಲಾಗದು ಎಂಬ ಆಕ್ಷೇಪಕ್ಕೆ ತಾಳಮದ್ದಳೆಯೇ ಸಾಕಷ್ಟು ಉತ್ತರ. ಆದರೂ ಆ ಆಕ್ಷೇಪದಲ್ಲಿ ಒಂದು ನಿಜವಿದೆ. ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲೇ ನಿಂತು ಕೇಳಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಹೆಂಗಸರು ಕೇಳಬಹುದಿತ್ತು, ವ್ಯಾಖ್ಯಾನದ ಪೀಠ ಅವರಿಗೆ ಸಿಗುತ್ತಿದ್ದದ್ದು ಅಪರೂಪ.

ಅಚ್ಚು ಬಂದ ಮೇಲೆ ಈ ಪೀಠ ಎಲ್ಲರಿಗೂ ತೆರೆಯಬೇಕಿತ್ತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕೂ ಮೊದಲೇ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಕಾದಂಬರಿಯ ರುಚಿ ಹತ್ತಿಸಿದ್ದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡೇ ಬೆಳೆಯಿತು. ಹೀಗೆ ಓದುವವರ ಸಂಖ್ಯೆ ಬೆಳೆದಷ್ಟು ಅವರ ಮಾತಿನ ಜಾಗ ಬೆಳೆಯಲಿಲ್ಲ. ಪುಸ್ತಕ ಮನೆಗೆ ಬಂತು, ಜಗಲಿಯ ಸಭೆ ಚದುರಿತು, ಓದುಗರ ಅನಿಸಿಕೆ ಕಾರ್ಡಿನಲ್ಲಿ ಬರೆದು ಸಂಪಾದಕರಿಗೆ ಕಳಿಸುವ ಪತ್ರವಾಯಿತು. ಯಾವ ಪತ್ರ ಅಚ್ಚಾಗಬೇಕು, ಎಷ್ಟು ಸಾಲು ಉಳಿಯಬೇಕು ಎಂಬುದು ಸಂಪಾದಕರ ಕೈಯಲ್ಲಿತ್ತು. ಅ.ನ.ಕೃ. ಅವರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳ ಮೇಲೆ ಅಶ್ಲೀಲದ ಆರೋಪ ಬಂದಾಗ ಅವರು ಅದಕ್ಕೆ ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ಬಾಡಿಗೆ ಗ್ರಂಥಾಲಯದಲ್ಲಿ ಅದೇ ಕಾದಂಬರಿಗಳನ್ನು ಸರದಿಗೆ ಕಾದು ಓದಿದವರು ಏನೆಂದುಕೊಂಡರು ಎಂಬುದಕ್ಕೆ ಅಂಥ ಪುಸ್ತಕವಿಲ್ಲ.

1965ರಲ್ಲಿ ಎರಡು ಕಾದಂಬರಿಗಳು ಬಂದವು, ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತು ಭೈರಪ್ಪನವರ ‘ವಂಶವೃಕ್ಷ’. ಎರಡರಲ್ಲೂ ನಡುವೆ ನಿಂತಿರುವವರು ಆಚಾರವಂತ ಬ್ರಾಹ್ಮಣ ಪಂಡಿತರು. ಪ್ರಾಣೇಶಾಚಾರ್ಯರಿಗೆ ನಾರಣಪ್ಪನ ಶವದ ಎದುರು ಶಾಸ್ತ್ರ ಕೈಕೊಡುತ್ತದೆ; ಶ್ರೀನಿವಾಸ ಶ್ರೋತ್ರಿಗಳು ಬದುಕಿಡೀ ಕಾಪಾಡಿದ ವಂಶದಲ್ಲಿ ತಮ್ಮ ಹುಟ್ಟೇ ಸಂಶಯದ್ದು ಎಂದು ಕೊನೆಗೆ ತಿಳಿಯುತ್ತದೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಯಾರಿಗೂ ಹೊಳೆಯುವ ಪ್ರಶ್ನೆಗಳಿವೆ. ನಾರಣಪ್ಪನ ಸಂಗಾತಿ ಚಂದ್ರಿಯ ಒಂದು ರಾತ್ರಿಯ ಸಂಗದಿಂದ ಆಚಾರ್ಯರು ಅಷ್ಟು ಬದಲಾಗುವುದು ನಂಬುವಂತಿದೆಯೇ? ಶ್ರೋತ್ರಿಗಳ ಸೊಸೆ, ಮರುಮದುವೆಯಾದ ಕಾತ್ಯಾಯನಿಯನ್ನು ಅಷ್ಟು ನರಳಿಸಿದ್ದು ಬದುಕೋ, ಬರೆದವರ ಕೈಯೋ? ಪ್ರಶ್ನೆಗಳು ಹೀಗೆ ಹೆಣೆದುಕೊಂಡಿದ್ದರೂ ವಿಮರ್ಶೆ ಎರಡು ಬಿಡಾರ ಹೂಡಿತು. ಒಂದು ಕಡೆ ನವ್ಯರ ಚರ್ಚೆ, ಇನ್ನೊಂದು ಕಡೆ ಭೈರಪ್ಪನವರ ಅಪಾರ ಓದುಗ ಬಳಗ, ನಡುವೆ ಮಾತು ಕಡಿಮೆ. ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ಓದಿದ ಹೆಂಗಸರ ಪಾಡಂತೂ ಇನ್ನೂ ಕೆಳಗಿನದು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ಕಾಯಿಲೆಯನ್ನೂ ಅವಳ ಗಂಡನ ನಡತೆಯನ್ನೂ ಕುರಿತು ಅವರಿಗೆ ಸ್ಪಷ್ಟ ನಿಲುವುಗಳಿದ್ದಿರಲೇಬೇಕು. ಆದರೆ ‘ಅಡುಗೆಮನೆ ಸಾಹಿತ್ಯ’ ಎಂಬ ಹಣೆಪಟ್ಟಿ ಕಾದಂಬರಿಯ ಜೊತೆಗೆ ಅದರ ಓದುಗರ ಬಾಯನ್ನೂ ಮುಚ್ಚಿಸಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ಇಂದಿನ ಆನ್‌ಲೈನ್ ಚರ್ಚೆ ಹೊಸದಾಗಿ ಕಾಣುವುದು ಒಂದೇ ಕಾರಣಕ್ಕೆ: ಚದುರಿದ ಜಗಲಿ ಮತ್ತೆ ಕೂಡಿದೆ, ಈ ಸಲ ಅಂಗಳದಲ್ಲಿ ನಿಂತಿದ್ದವರೂ ಮೇಲೆ ಹತ್ತಿದ್ದಾರೆ. 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಆಮೇಲೆ ಯುನಿಕೋಡ್, ಅದರ ಮೇಲೆ ಮೊಬೈಲ್ ಕೀಲಿಮಣೆ ಇವು ಮೂರೂ ಸೇರಿ ಕನ್ನಡದಲ್ಲಿ ಬರೆಯುವುದನ್ನು ಸಲೀಸು ಮಾಡಿದವು. ಹಾಸನದ ಶಿಕ್ಷಕಿಯೂ ಕ್ಯಾಲಿಫೋರ್ನಿಯಾದ ಎಂಜಿನಿಯರೂ ಒಂದೇ ಕಾತ್ಯಾಯನಿಯ ಬಗ್ಗೆ ಒಂದೇ ಸಂಜೆ ಜಗಳವಾಡಬಹುದು.

ಇಲ್ಲಿ ಆಳವಿಲ್ಲ, ಬರಿಯ ಬಣಗಾರಿಕೆ ಎನ್ನುವ ದೂರು ಸುಳ್ಳಲ್ಲ. ಆದರೆ ಬಣವನ್ನು ಅಂತರ್ಜಾಲ ಹುಟ್ಟಿಸಲಿಲ್ಲ. 2007ರಲ್ಲಿ ಭೈರಪ್ಪನವರ ‘ಆವರಣ’ ಬಂದಾಗ ಸಾಹಿತಿಗಳೇ ಎರಡು ಪಾಳೆಯವಾಗಿ ಕಾದಾಡಿದ್ದು ಅಚ್ಚಿನ ಪುಟಗಳಲ್ಲಿ. ಕಾದಂಬರಿ ಓದದೆಯೇ ಪಕ್ಷ ಹಿಡಿದವರು ಆಗಲೂ ಇದ್ದರು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಗಮಕದ ವ್ಯಾಖ್ಯಾನಕಾರನ ಮುಂದೆ ಪದ್ಯವಿರುತ್ತಿತ್ತು. ಅವನು ಎಷ್ಟು ದೂರ ಅಲೆದರೂ ಗಮಕಿ ಮುಂದಿನ ಷಟ್ಪದಿ ಎತ್ತಿಕೊಂಡ ಕೂಡಲೇ ಕಾವ್ಯಕ್ಕೆ ಮರಳಲೇಬೇಕಿತ್ತು. ಸಂಪಾದಕರ ಕತ್ತರಿಯೂ, ಎಷ್ಟೇ ಪಕ್ಷಪಾತಿಯಾಗಿದ್ದರೂ, ಜೊಳ್ಳನ್ನು ತೂರುತ್ತಿತ್ತು. ಇಂದಿನ ಚರ್ಚೆಯಲ್ಲಿ ಈ ಎರಡು ಕಡಿವಾಣಗಳೂ ಇಲ್ಲ. ಮಾತು ಕೃತಿಯನ್ನು ಬಿಟ್ಟು ಕೃತಿಕಾರರ ಜಾತಿ, ರಾಜಕೀಯದ ಕಡೆಗೆ ಬಲುಬೇಗ ಜಾರುತ್ತದೆ. ಇದಕ್ಕೆ ಪರಿಹಾರವೆಂದು ಪೀಠವನ್ನು ಮತ್ತೆ ಕೆಲವರಿಗೇ ಒಪ್ಪಿಸಿದರೆ ಅಚ್ಚಿನ ಕಾಲದ ನಷ್ಟವೇ ಮರುಕಳಿಸುತ್ತದೆ. ಗಮಕಿ ಮಾಡುತ್ತಿದ್ದ ಕೆಲಸವನ್ನು ಈಗ ಓದುಗರೇ ಒಬ್ಬರಿಗೊಬ್ಬರು ಮಾಡಬೇಕಾಗಿದೆ. ಮಾತು ದಾರಿ ತಪ್ಪಿದಾಗ ಅದು ಕಾದಂಬರಿಯಲ್ಲಿ ಎಲ್ಲಿದೆ, ಯಾವ ಅಧ್ಯಾಯದಲ್ಲಿದೆ ಎಂದು ಕೇಳುವ ಒಬ್ಬರು ಗುಂಪಿನಲ್ಲಿದ್ದರೂ ಚರ್ಚೆ ಪುಟಕ್ಕೆ ಮರಳುತ್ತದೆ. ಆ ಪ್ರಶ್ನೆ ಕೇಳುವುದಕ್ಕೆ ಪಾಂಡಿತ್ಯವಾಗಲಿ ಯಾರ ಅಪ್ಪಣೆಯಾಗಲಿ ಬೇಕಿಲ್ಲ, ಪುಸ್ತಕ ಓದಿದ್ದರೆ ಸಾಕು.