ಮೊದಲ ಪ್ರೇಕ್ಷಕರು ಯಾರು? ಫೋಗೋ ದ್ವೀಪದಿಂದ ನಿಪ್ಪಾಣಿಯವರೆಗೆ: ಸಾಕ್ಷ್ಯಚಿತ್ರ ಮತ್ತು ಸಾಮಾಜಿಕ ಬದಲಾವಣೆ

ಪ್ರಸ್ತಾವನೆ

ಸಾಕ್ಷ್ಯಚಿತ್ರಗಳ ಬಗೆಗಿನ ಚರ್ಚೆ ಸಾಮಾನ್ಯವಾಗಿ ಪರದೆಯ ಮೇಲೆ ಕಾಣುವುದರ ಸುತ್ತಲೇ ನಡೆಯುತ್ತದೆ. ಚಿತ್ರ ಎಷ್ಟರಮಟ್ಟಿಗೆ ನಿಜ, ನಿರ್ದೇಶಕರ ನಿಲುವು ಏನು, ಸಂಕಲನ ಹೇಗಿದೆ ಎಂದು ಕೇಳುತ್ತೇವೆ. ಇವು ಬೇಕಾದ ಪ್ರಶ್ನೆಗಳೇ. ಆದರೆ ಒಂದು ಚಿತ್ರ ತಾನು ತೋರಿಸಿದ ಜನರ ಬದುಕಿನಲ್ಲಿ ಏನು ಮಾಡಿತು ಎಂಬುದನ್ನು ತಿಳಿಯಲು ಇಷ್ಟು ಸಾಲದು. ಅದಕ್ಕೆ ಇನ್ನೂ ಎರಡು ಪ್ರಶ್ನೆ ಬೇಕು. ಮುಗಿದ ಚಿತ್ರವನ್ನು ಮೊದಲು ನೋಡಿದವರು ಯಾರು? ತನ್ನ ಮುಖ, ತನ್ನ ಮಾತು ಚಿತ್ರದಲ್ಲಿ ಉಳಿಯಬೇಕೋ ಬೇಡವೋ ಎಂದು ಹೇಳುವ ಹಕ್ಕು ಚಿತ್ರದಲ್ಲಿರುವ ವ್ಯಕ್ತಿಗೆ ಇತ್ತೆ?

ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಪ್ರಸ್ತುತ ಲೇಖನವು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಗೆ ಸೇರಿದ ಫೋಗೋ ದ್ವೀಪದಲ್ಲಿ 1967ರಲ್ಲಿ ನಡೆದ ಚಿತ್ರೀಕರಣವನ್ನು ಪರಿಶೀಲಿಸುತ್ತದೆ. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಸೋತ ಒಂದು ಪ್ರಯತ್ನವನ್ನೂ, ಹದಿನೈದು ವರ್ಷಗಳ ಬಳಿಕ ನಮ್ಮ ನಿಪ್ಪಾಣಿಯಲ್ಲಿ ತಯಾರಾದ ಒಂದು ಚಿತ್ರವನ್ನೂ ಅದರ ಜೊತೆಗಿಟ್ಟು ನೋಡುತ್ತದೆ. ಸಾಮಾಜಿಕ ಬದಲಾವಣೆಯ ವಿಷಯದಲ್ಲಿ ಚಿತ್ರ ತಯಾರಾಗುವ ಮತ್ತು ತೋರಿಸಲ್ಪಡುವ ಕ್ರಮಕ್ಕೆ ಅದರ ವಸ್ತುವಿನಷ್ಟೇ ತೂಕವಿದೆ ಎಂಬುದು ಇಲ್ಲಿನ ಪ್ರತಿಪಾದನೆ.

ಹಿನ್ನೆಲೆ: ಜನರ ಬಗ್ಗೆ ಮಾತಾಡಿದ ಚಿತ್ರಗಳು

ಸಾಕ್ಷ್ಯಚಿತ್ರವನ್ನು ಸಾರ್ವಜನಿಕ ಶಿಕ್ಷಣದ ಸಾಧನವಾಗಿ ಬೆಳೆಸಿದವರಲ್ಲಿ ಜಾನ್ ಗ್ರಿಯರ್ಸನ್ ಪ್ರಮುಖರು. ಉತ್ತರ ಸಮುದ್ರದ ಮೀನುಗಾರರನ್ನು ಕುರಿತು ಅವರು ನಿರ್ದೇಶಿಸಿದ ‘ಡ್ರಿಫ್ಟರ್ಸ್’ ತೆರೆಗೆ ಬಂದದ್ದು 1929ರಲ್ಲಿ. 1939ರಲ್ಲಿ ಸ್ಥಾಪನೆಯಾದ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ಮೊದಲ ಆಯುಕ್ತರೂ ಅವರೇ. ಅವರ ಬಳಗದ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆ್ಯನ್‌ಸ್ಟಿ 1935ರಲ್ಲಿ ‘ಹೌಸಿಂಗ್ ಪ್ರಾಬ್ಲಮ್ಸ್’ ಮಾಡಿದರು. ಲಂಡನ್ನಿನ ಸ್ಟೆಪ್ನಿ ಕೊಳೆಗೇರಿಯ ನಿವಾಸಿಗಳು ತಮ್ಮ ಮನೆಯೊಳಗೇ ನಿಂತು ಇಲಿ, ತಿಗಣೆ, ಕುಸಿಯುವ ಗೋಡೆಗಳ ಬಗ್ಗೆ ಕ್ಯಾಮೆರಾಕ್ಕೆ ನೇರವಾಗಿ ಹೇಳಿದರು. ಬಡವರ ದನಿ ಬಡವರ ಬಾಯಿಂದಲೇ ಕೇಳಿಸಿತು ಎಂಬುದು ಅಂದಿಗೆ ದೊಡ್ಡ ಮಾತು. ಆದರೂ ಸಮಸ್ಯೆ ಹೇಳುವ ಪಾಲು ಮಾತ್ರ ಅವರದಾಯಿತು. ಪರಿಹಾರ ಹೇಳಿದವರು ತಜ್ಞರು. ಚಿತ್ರಕ್ಕೆ ಹಣ ಕೊಟ್ಟದ್ದು ಅನಿಲ ಉದ್ಯಮ. ಹೊಸ ವಸತಿಗಳು ಕಟ್ಟಲ್ಪಟ್ಟರೆ ಆ ಉದ್ಯಮಕ್ಕೂ ಲಾಭವಿತ್ತು.

ಭಾರತದಲ್ಲಿ 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್ ಇದೇ ಪರಂಪರೆಯನ್ನು ಮುಂದುವರಿಸಿತು. ಮುಖ್ಯ ಚಿತ್ರಕ್ಕೆ ಮುನ್ನ ಟಾಕೀಸುಗಳಲ್ಲಿ ಕಡ್ಡಾಯವಾಗಿ ತೋರಿಸುತ್ತಿದ್ದ ವಾರ್ತಾಚಿತ್ರಗಳು ಹಳೆಯ ತಲೆಮಾರಿನ ಕನ್ನಡ ಪ್ರೇಕ್ಷಕರಿಗೆ ಇನ್ನೂ ನೆನಪಿವೆ. ಅಣೆಕಟ್ಟು, ಬೆಳೆ, ಕುಟುಂಬ ಯೋಜನೆಯ ಸುದ್ದಿ ಸರ್ಕಾರದಿಂದ ಜನರತ್ತ ಹರಿಯುತ್ತಿತ್ತು. ಜನರ ಮಾತು ಸರ್ಕಾರದತ್ತ ಹೋಗುವ ದಾರಿ ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಮಾಂಟ್ರಿಯಲ್‌ನ ಪಾಠ

1960ರ ದಶಕದ ಮಧ್ಯದಲ್ಲಿ ಕೆನಡಾದ ಕೇಂದ್ರ ಸರ್ಕಾರ ಬಡತನ ನಿವಾರಣೆಯ ಕಾರ್ಯಕ್ರಮಗಳನ್ನು ರೂಪಿಸುತ್ತಿತ್ತು. ಬಡತನವೆಂದರೇನೆಂದು ದೇಶಕ್ಕೆ ಮನಗಾಣಿಸುವ ಚಿತ್ರವೊಂದು ಬೇಕಾಗಿತ್ತು. ಟಾನ್ಯಾ ಬ್ಯಾಲಂಟೈನ್ ನಿರ್ದೇಶನದ ‘ದಿ ಥಿಂಗ್ಸ್ ಐ ಕೆನಾಟ್ ಚೇಂಜ್’ ಹುಟ್ಟಿದ್ದು ಹೀಗೆ. ತಂದೆಗೆ ಕೆಲಸವಿಲ್ಲದ, ಒಂಬತ್ತು ಮಕ್ಕಳಿದ್ದು ಹತ್ತನೆಯದು ಹುಟ್ಟಲಿರುವ ಒಂದು ಸಂಸಾರದ ಜೊತೆಗೆ ತಂಡ ಕೆಲವು ವಾರ ಕಳೆಯಿತು. ಬರಿದಾದ ಅಡಿಗೆಮನೆ, ಸಾಲಗಾರರ ಕಾಟ, ಬೀದಿಜಗಳ, ಹೆರಿಗೆ ಎಲ್ಲವೂ ಸೆರೆಯಾದವು.

1967ರ ಮೇ ತಿಂಗಳಲ್ಲಿ ಚಿತ್ರ ರಾಷ್ಟ್ರೀಯ ದೂರದರ್ಶನದಲ್ಲಿ ಪ್ರಸಾರವಾಯಿತು. ಆ ಸಂಸಾರ ಅದನ್ನು ಮುಂಚೆ ನೋಡಿರಲಿಲ್ಲ. ನೆರೆಹೊರೆಯವರು ಆಡಿಕೊಂಡರು, ಮಕ್ಕಳನ್ನು ಗೇಲಿ ಮಾಡಿದರು. ಕೊನೆಗೆ ಆ ಮನೆಯವರು ಅಲ್ಲಿಂದ ಜಾಗ ಬದಲಿಸಬೇಕಾಯಿತು. ದೇಶದ ಪ್ರೇಕ್ಷಕರ ಮನಸ್ಸು ಕಲಕಿದ ಚಿತ್ರವೇ ತನಗೆ ಬಾಗಿಲು ತೆರೆದ ಮನೆಗೆ ಕೇಡು ತಂದಿತು. ನಿರ್ದೇಶಕಿಯ ಸಹಾನುಭೂತಿಯಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಕ್ರಮದಲ್ಲಿ: ಚಿತ್ರ ದೇಶಕ್ಕೆ ಮೊದಲು ತಲುಪಿತು, ಮನೆಯವರಿಗೆ ಆಮೇಲೆ. ಫಿಲ್ಮ್ ಬೋರ್ಡ್‌ನ ಒಳಗೆ ಈ ಘಟನೆ ಗಂಭೀರ ಆತ್ಮಪರೀಕ್ಷೆಗೆ ಕಾರಣವಾಯಿತು.

ಫೋಗೋ: ದ್ವೀಪ ಮತ್ತು ಸಂಕಟ

ಅದೇ ವರ್ಷ ಬೋರ್ಡ್ ‘ಚಾಲೆಂಜ್ ಫಾರ್ ಚೇಂಜ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಹಣದಲ್ಲಿ ಒಂದು ಪಾಲು ಕೇಂದ್ರ ಸರ್ಕಾರದ ವಿವಿಧ ಇಲಾಖೆಗಳದು. ಇದರ ಮೊದಲ ದೊಡ್ಡ ಪ್ರಯೋಗಕ್ಕೆ ಆರಿಸಿಕೊಂಡದ್ದು ಫೋಗೋ ದ್ವೀಪ.

ನ್ಯೂಫೌಂಡ್‌ಲ್ಯಾಂಡ್‌ನ ಈಶಾನ್ಯ ಕರಾವಳಿಯಾಚೆ ಸುಮಾರು 25 ಕಿಲೋಮೀಟರ್ ಉದ್ದಕ್ಕೆ ಚಾಚಿದ ಬಂಡೆಗಲ್ಲಿನ ನೆಲ ಅದು. ಸುಮಾರು 5,000 ಮಂದಿ ಹತ್ತರಷ್ಟು ಹಳ್ಳಿಗಳಲ್ಲಿ ಹಂಚಿಹೋಗಿದ್ದರು. ತಲೆಮಾರುಗಳಿಂದ ಕಾಡ್ ಮೀನೇ ಜೀವನಾಧಾರ. ದೊಡ್ಡ ಟ್ರಾಲರ್‌ಗಳು ದೂರಸಮುದ್ರದಲ್ಲಿ ಮೀನು ಬಾಚತೊಡಗಿದಂತೆ ಸಣ್ಣ ದೋಣಿಯವರ ಗಳಿಕೆ ಕುಗ್ಗಿತು. ಮೀನು ಕೊಳ್ಳುತ್ತಿದ್ದ ವರ್ತಕರೂ ದೂರವಾದರು. ಅನೇಕ ಮನೆಗಳು ಸರ್ಕಾರಿ ನೆರವಿನ ಮೇಲೆ ನಿಂತವು.

1949ರಲ್ಲಿ ಕೆನಡಾಕ್ಕೆ ಸೇರಿದ ನ್ಯೂಫೌಂಡ್‌ಲ್ಯಾಂಡ್‌ನ ಸರ್ಕಾರ ಇಂಥ ಚದುರಿದ ಊರುಗಳನ್ನು ಎತ್ತಂಗಡಿ ಮಾಡಿ ಜನರನ್ನು ದೊಡ್ಡ ಕೇಂದ್ರಗಳಿಗೆ ಸಾಗಿಸುವ ನೀತಿಯನ್ನು 1954ರಿಂದಲೇ ನಡೆಸಿಕೊಂಡು ಬಂದಿತ್ತು. ಊರಿನವರು ಒಟ್ಟಾಗಿ ಒಪ್ಪಿದರೆ ಮಾತ್ರ ಪರಿಹಾರಧನ ಎಂಬ ನಿಯಮದಿಂದಾಗಿ ಹೋಗುವವರಿಗೂ ಉಳಿಯುವವರಿಗೂ ನಡುವೆ ಮನಸ್ತಾಪ ಬೆಳೆಯುತ್ತಿತ್ತು. ಫೋಗೋದಲ್ಲಿ ಇದರ ಜೊತೆಗೆ ಕ್ರೈಸ್ತ ಪಂಗಡಗಳ ಭೇದವೂ ಇತ್ತು. ಶಾಲೆಗಳು ಪಂಗಡವಾರು ಹಂಚಿಹೋಗಿದ್ದವು. ಒಂದು ಹಳ್ಳಿಯ ಕಷ್ಟ ಪಕ್ಕದ ಹಳ್ಳಿಗೂ ಇದೆ ಎಂದು ತಿಳಿದಿದ್ದರೂ ಒಂದೆಡೆ ಕೂತು ಮಾತಾಡುವ ರೂಢಿ ಕಡಿಮೆ.

ಮೆಮೋರಿಯಲ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದ ಮುಖ್ಯಸ್ಥ ಡೊನಾಲ್ಡ್ ಸ್ನೋಡನ್ ಅವರಿಗೆ ದ್ವೀಪದ ಪರಿಚಯ ಚೆನ್ನಾಗಿತ್ತು. ನಗರದಲ್ಲಿ ಕುಳಿತವರು ಬರೆದ ಬಡತನದ ವ್ಯಾಖ್ಯಾನ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಮಾತನಾಡುವ ಅವಕಾಶ, ಮಾಹಿತಿ, ಸಂಘಟನೆ ಇಲ್ಲದಿರುವುದೂ ಬಡತನವೇ ಎಂಬುದು ಅವರ ನಿಲುವು. ಅವರ ವಿಭಾಗದ ಕ್ಷೇತ್ರ ಕಾರ್ಯಕರ್ತ ಫ್ರೆಡ್ ಅರ್ಲ್ ಆ ಕರಾವಳಿಯವರೇ, ಮನೆಮನೆಗೂ ಪರಿಚಿತರು. ನಿರ್ದೇಶಕ ಕಾಲಿನ್ ಲೋ ದ್ವೀಪಕ್ಕೆ ಬಂದದ್ದು ಇವರಿಬ್ಬರ ಮೂಲಕ.

ಚಿತ್ರೀಕರಣದ ವಿಧಾನ

ಒಂದು ಸಮಗ್ರ ಚಿತ್ರ ಮಾಡುವ ಸಾಂಪ್ರದಾಯಿಕ ಮಾರ್ಗವನ್ನು ಲೋ ಕೈಬಿಟ್ಟರು. ಮೀನುಗಾರಿಕೆಯ ಬಗ್ಗೆ ಹತ್ತು ಜನ ಹೇಳಿದ್ದನ್ನು ತುಂಡರಿಸಿ ಒಂದರ ಪಕ್ಕ ಒಂದು ಜೋಡಿಸಿದರೆ ವಾದವೇನೋ ಬಿಗಿಯಾಗುತ್ತದೆ. ಆದರೆ ಆ ವಾದ ಸಂಕಲನಕಾರನದು. ಅಕ್ಕಪಕ್ಕದ ಊರಿನವರನ್ನು ಎದುರುಬದುರು ನಿಲ್ಲಿಸಿ ಹಳೆಯ ಜಗಳ ಕೆದಕಿದಂತೆಯೂ ಆಗುತ್ತದೆ. ಆದ್ದರಿಂದ ಒಬ್ಬ ವ್ಯಕ್ತಿ, ಒಂದು ಸಂದರ್ಭ ಅಥವಾ ಒಂದು ಸಭೆಗೆ ಒಂದೊಂದು ಕಿರುಚಿತ್ರವನ್ನೇ ಮೀಸಲಿಡಲಾಯಿತು. ಹೀಗೆ 27 ಚಿತ್ರಗಳು ಸಿದ್ಧವಾದವು.

ಇವುಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬಹುದು. ‘ಬಿಲ್ಲಿ ಕ್ರೇನ್ ಮೂವ್ಸ್ ಅವೇ’ ಚಿತ್ರದಲ್ಲಿ ಒಬ್ಬ ಮೀನುಗಾರ ದ್ವೀಪ ಬಿಟ್ಟು ಟೊರಾಂಟೊಗೆ ಹೊರಟಿದ್ದಾನೆ. ತಾನು ಹೊರಟದ್ದೇಕೆ, ಸಣ್ಣ ದೋಣಿಯವನನ್ನು ಸರ್ಕಾರ ಹೇಗೆ ಕಡೆಗಣಿಸಿತು, ಉಳಿದುಕೊಳ್ಳಲು ಏನು ಬೇಕಿತ್ತು ಎಂದು ಆತ ವಿವರಿಸುತ್ತಾನೆ. ಮಾತಿನ ನಡುವೆ ಹಿನ್ನೆಲೆ ನಿರೂಪಕ ಬಾಯಿ ಹಾಕುವುದಿಲ್ಲ, ತಜ್ಞರು ತಿದ್ದುವುದಿಲ್ಲ. ದುಡಿಮೆ ಬಲ್ಲ, ತನ್ನ ಉದ್ಯಮವನ್ನು ಅರ್ಥ ಮಾಡಿಕೊಂಡ ಒಬ್ಬ ಮನುಷ್ಯ ನೀತಿಯನ್ನು ವಿಮರ್ಶಿಸುವುದನ್ನು ನಾವು ನೋಡುತ್ತೇವೆ. ಬಡವನೆಂದರೆ ಕರುಣೆಗೆ ಪಾತ್ರನಾದವನು ಎಂಬ ಭಾವನೆ ಇಲ್ಲಿ ನಿಲ್ಲುವುದಿಲ್ಲ.

‘ದಿ ಚಿಲ್ಡ್ರನ್ ಆಫ್ ಫೋಗೋ ಐಲ್ಯಾಂಡ್’ ಇದಕ್ಕೆ ತೀರ ಬೇರೆ. ಅದರಲ್ಲಿ ನಿರೂಪಣೆಯೇ ಇಲ್ಲ. ಮಕ್ಕಳು ಬಂಡೆಗಳ ಮೇಲೆ, ನೀರಿನಂಚಿನಲ್ಲಿ, ದೋಣಿಗಳ ನಡುವೆ ಆಡಿಕೊಂಡಿರುತ್ತಾರೆ. ಸಮಸ್ಯೆಗಳ ಪಟ್ಟಿಯಲ್ಲಿ ಈ ಚಿತ್ರಕ್ಕೆ ಜಾಗವಿಲ್ಲ. ಆದರೆ ಬಿಟ್ಟು ಹೋಗಬೇಕೆಂದು ಹೇಳಲಾಗುತ್ತಿದ್ದ ನೆಲದಲ್ಲಿ ಬದುಕಿನ ಚೆಲುವೂ ಇದೆ ಎಂಬುದನ್ನು ಅದು ಅಲ್ಲಿನವರ ಕಣ್ಣಿಗೇ ಕಾಣಿಸಿತು. ಸಂಕಟವನ್ನಷ್ಟೇ ಚಿತ್ರಿಸಿದ್ದರೆ ಎತ್ತಂಗಡಿಯ ವಾದಕ್ಕೇ ಪುಷ್ಟಿ ಸಿಗುತ್ತಿತ್ತು. ಈ ಎಚ್ಚರ ಫೋಗೋ ಸರಣಿಯ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ.

ಪ್ರದರ್ಶನದ ಕ್ರಮ

ಚಿತ್ರೀಕರಣಕ್ಕಿಂತ ಮುಖ್ಯವಾದದ್ದು ಮುಂದಿನ ಹಂತ. ಚಿತ್ರದಲ್ಲಿರುವವರಿಗೆ ಮೊದಲು ಅದನ್ನು ತೋರಿಸಿ, ಬೇಡವೆಂದದ್ದನ್ನು ತೆಗೆಯುವ ನಿಯಮವಿತ್ತು. ಅವರು ಒಪ್ಪಿದ ಮೇಲೆ ದ್ವೀಪದ ಹಳ್ಳಿಗಳಲ್ಲಿ ಪ್ರದರ್ಶನಗಳಾದವು. ಪ್ರತಿ ಪ್ರದರ್ಶನದ ಕೊನೆಗೆ ಚರ್ಚೆ. ಎದುರು ಕೂತು ಹೇಳಲು ಹಿಂಜರಿಯುತ್ತಿದ್ದ ಮಾತನ್ನು ಪರದೆಯ ಮೇಲೆ ಪಕ್ಕದ ಊರಿನವನೊಬ್ಬ ಹೇಳಿದಾಗ, ಅದನ್ನು ಹಿಡಿದು ಮಾತು ಮುಂದುವರಿಸುವುದು ಸುಲಭವಾಯಿತು. ಸಹಕಾರ ಸಂಘ ಬೇಕೆ, ದೊಡ್ಡ ದೋಣಿಗಳನ್ನು ದ್ವೀಪದಲ್ಲೇ ಕಟ್ಟಬಹುದೆ ಎಂಬ ಪ್ರಶ್ನೆಗಳು ಹತ್ತೂ ಹಳ್ಳಿಗಳ ಸಮಾನ ಪ್ರಶ್ನೆಗಳಾದವು.

ದ್ವೀಪದವರ ಸಮ್ಮತಿ ಪಡೆದ ಬಳಿಕವೇ ಚಿತ್ರಗಳು ರಾಜಧಾನಿ ಸೇಂಟ್ ಜಾನ್ಸ್‌ಗೆ ಹೋದವು. ಸಚಿವರೂ ಅಧಿಕಾರಿಗಳೂ ನೋಡಿದರು. ಮೀನುಗಾರಿಕಾ ಸಚಿವರ ಪ್ರತಿಕ್ರಿಯೆಯನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದು ತೋರಿಸಲಾಯಿತು. ಅರ್ಜಿ ಕೊಟ್ಟು ಉತ್ತರಕ್ಕೆ ಕಾಯುತ್ತಿದ್ದ ಜನರಿಗೆ ಅಧಿಕಾರಸ್ಥರು ಮುಖ ಕೊಟ್ಟು ಉತ್ತರಿಸಬೇಕಾಯಿತು. ಮುಂದೆ ‘ಫೋಗೋ ಪ್ರಕ್ರಿಯೆ’ ಎಂದು ಹೆಸರಾದದ್ದು ಎರಡು ದಿಕ್ಕಿನ ಈ ಸಂಚಾರವೇ.

ಫಲ ಮತ್ತು ಮಿತಿ

ದ್ವೀಪದ ಎತ್ತಂಗಡಿ ನಡೆಯಲಿಲ್ಲ. ಮೀನುಗಾರರ ಸಹಕಾರ ಸಂಘ ನೆಲೆಯೂರಿತು, ಲಾಂಗ್‌ಲೈನರ್ ದೋಣಿಗಳ ನಿರ್ಮಾಣ ದ್ವೀಪದಲ್ಲೇ ನಡೆಯಿತು. 1992ರಲ್ಲಿ ಕೆನಡಾ ಸರ್ಕಾರ ಕಾಡ್ ಮೀನುಗಾರಿಕೆಗೆ ನಿಷೇಧ ಹೇರಿದಾಗ ಇಡೀ ಕರಾವಳಿ ತತ್ತರಿಸಿತು. ಆ ಹೊಡೆತವನ್ನೂ ತಾಳಿಕೊಂಡು ಸಂಘ ಏಡಿ, ಸೀಗಡಿಗಳ ಸಂಸ್ಕರಣೆಯತ್ತ ಹೊರಳಿ ಉಳಿಯಿತು.

ಈ ಶ್ರೇಯಸ್ಸನ್ನೆಲ್ಲ ಸಿನಿಮಾಕ್ಕೆ ಕೊಡುವುದು ಸರಿಯಲ್ಲ. ಚಿತ್ರತಂಡ ಬರುವ ಮೊದಲೇ ದ್ವೀಪದಲ್ಲಿ ಅಭಿವೃದ್ಧಿ ಸಮಿತಿಯಿತ್ತು. ವಿಸ್ತರಣಾ ವಿಭಾಗ ಆಗಲೇ ಕೆಲಸ ಮಾಡುತ್ತಿತ್ತು, ಮುಂದೆಯೂ ಬೆನ್ನಿಗೆ ನಿಂತಿತು. ಸರಣಿಯಲ್ಲಿ ಹೆಚ್ಚಾಗಿ ಕೇಳುವುದು ಗಂಡಸರ ದನಿ. ಮೀನು ಉಪ್ಪು ಹಾಕಿ ಒಣಗಿಸುವ ದುಡಿಮೆಯಲ್ಲಿ ಸಮಪಾಲು ಹೊತ್ತ ಹೆಂಗಸರ ಮಾತು ಕಡಿಮೆ. ಕ್ಯಾಮೆರಾ, ಸಂಕಲನ ಎರಡೂ ಹೊರಗಿನವರ ಕೈಯಲ್ಲೇ ಇದ್ದವು. ಚಿತ್ರ ಬದಲಾವಣೆಯನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಹುಟ್ಟುತ್ತಿದ್ದ ಬದಲಾವಣೆಗೆ ಹತ್ತು ಹಳ್ಳಿಗಳು ಒಟ್ಟಾಗಿ ಯೋಚಿಸುವ ಜಗಲಿಯನ್ನು ಒದಗಿಸಿತು ಎನ್ನುವುದು ನ್ಯಾಯವಾದ ತೀರ್ಮಾನ.

ಕ್ಯಾಮೆರಾ ಕೈ ಬದಲಿಸಿದಾಗ

ಕೊನೆಯ ಮಿತಿಯನ್ನು ಅದೇ ಕಾರ್ಯಕ್ರಮದ ಮುಂದಿನ ಪ್ರಯೋಗಗಳು ದಾಟಿದವು. ಮೋಹಾಕ್ ಜನರ ಆಕ್ವೆಸಾಸ್ನೆ ಪ್ರದೇಶ ಕೆನಡಾ–ಅಮೆರಿಕ ಗಡಿಯ ಎರಡೂ ಬದಿಗೆ ಹರಡಿದೆ. ತಮ್ಮ ನೆಲದೊಳಗೇ ಸರಕು ಒಯ್ಯಲು ಸುಂಕ ಕೊಡಬೇಕಾದ ಅವರು 1794ರ ಜೇ ಒಪ್ಪಂದವನ್ನು ಮುಂದಿಟ್ಟು 1968ರ ಡಿಸೆಂಬರ್‌ನಲ್ಲಿ ಗಡಿಸೇತುವೆಯ ರಸ್ತೆ ತಡೆದರು. ಆ ದಿನದ ಪ್ರತಿಭಟನೆ, ಪೊಲೀಸರೊಡನೆ ವಾಗ್ವಾದ, ಬಂಧನಗಳು ‘ಯು ಆರ್ ಆನ್ ಇಂಡಿಯನ್ ಲ್ಯಾಂಡ್’ (1969) ಚಿತ್ರದಲ್ಲಿವೆ. ಚಿತ್ರದ ಹಿಂದಿನ ಶಕ್ತಿ ಆ ಸಮುದಾಯದ ಯುವಕ ಮೈಕ್ ಮಿಚೆಲ್. ಮುಂದೆ ಅವರು ಆಕ್ವೆಸಾಸ್ನೆಯ ಮುಖ್ಯಸ್ಥರೂ ಆದರು. ಚಿತ್ರದ ನಿರ್ದೇಶಕರೆಂದು ಬೋರ್ಡ್ ಅವರ ಹೆಸರನ್ನು ಅಧಿಕೃತವಾಗಿ ದಾಖಲಿಸಿದ್ದು ಮಾತ್ರ ಹಲವು ದಶಕಗಳ ಮೇಲೆ. ಬಾನಿ ಶೆರ್ ಕ್ಲೈನ್ ಅವರ ‘ವಿಟಿಆರ್ ಸೇಂಟ್-ಜಾಕ್’ (1969) ಚಿತ್ರದಲ್ಲಿ ಮಾಂಟ್ರಿಯಲ್‌ನ ಬಡಾವಣೆಯೊಂದರ ನಾಗರಿಕ ಸಮಿತಿಯವರು ಹಗುರವಾದ ವಿಡಿಯೊ ಕ್ಯಾಮೆರಾ ಹಿಡಿದು ತಮ್ಮ ಬೀದಿಯವರನ್ನು ತಾವೇ ಮಾತಾಡಿಸುತ್ತಾರೆ, ಟೇಪುಗಳನ್ನು ಸಭೆಗಳಲ್ಲಿ ತಾವೇ ತೋರಿಸುತ್ತಾರೆ.

ನಿಪ್ಪಾಣಿ: ಯುಗಾಂತರ್ ತಂಡದ ದಾರಿ

ಕರ್ನಾಟಕದಲ್ಲಿ ಇದಕ್ಕೆ ಹೋಲುವ, ಆದರೆ ಸ್ವತಂತ್ರವಾಗಿ ಮೂಡಿದ ಪ್ರಯತ್ನವೊಂದಿದೆ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ‘ಯುಗಾಂತರ್’ ಎಂಬ ತಂಡ ಕಟ್ಟಿದರು. ಪುಣೆಯ ಮನೆಕೆಲಸದ ಹೆಂಗಸರ ಸಂಘಟನೆಯನ್ನು ಕುರಿತ ‘ಮೋಲ್ಕರೀಣ್’ (1981) ಅವರ ಮೊದಲ ಚಿತ್ರ. ಎರಡನೆಯದು ‘ತಂಬಾಕು ಚಾಕಿಲಾ ಊಬ್ ಆಲಿ’ (1982). ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರ ಹೋರಾಟ ಇದರ ವಸ್ತು.

ತಂಡ ನಾಲ್ಕು ತಿಂಗಳ ಕಾಲ ಆ ಹೆಂಗಸರ ಮಾತು ಕೇಳಿ, ಅವರೊಂದಿಗೆ ಚರ್ಚಿಸಿ ಚಿತ್ರವನ್ನು ರೂಪಿಸಿತು. ಕಾರ್ಖಾನೆಯ ಒಳಗೆ ತಂಬಾಕಿನ ಧೂಳು ಮುಸುಕಿದ ಗಾಳಿಯಲ್ಲಿ ನಡೆಯುವ ಕೆಲಸವನ್ನು ಕ್ಯಾಮೆರಾ ತೋರಿಸುತ್ತದೆ. ಆದರೆ ಚಿತ್ರದ ಜೀವಾಳವಿರುವುದು ಹೆಂಗಸರು ಗುಂಪಾಗಿ ಕೂತು ಮಾತಾಡುವ ದೃಶ್ಯಗಳಲ್ಲಿ. ಕೂಲಿ, ಮಾಲೀಕರ ದಬ್ಬಾಳಿಕೆ, ಮುಷ್ಕರದ ಮುಂದಿನ ಹೆಜ್ಜೆ ಎಲ್ಲವನ್ನೂ ಅವರೇ ಅಳೆದು ತೂಗುತ್ತಾರೆ. ಒಬ್ಬಳು ನಾಯಕಿಯನ್ನು ಮುಂದೆ ತಂದು ಕಥೆ ಕಟ್ಟುವ ಸುಲಭ ಮಾರ್ಗವನ್ನು ತಂಡ ಹಿಡಿಯಲಿಲ್ಲ. ಫೋಗೋ ಸರಣಿಯಲ್ಲಿ ಕ್ಷೀಣವಾಗಿದ್ದ ಹೆಂಗಸರ ದನಿ ಇಲ್ಲಿ ಚಿತ್ರದ ಕೇಂದ್ರವೇ ಆಯಿತು.

ಪ್ರದರ್ಶನದಲ್ಲೂ ಹೋಲಿಕೆಯಿದೆ. ಯುಗಾಂತರ್‌ನ ಚಿತ್ರಗಳು ಟಾಕೀಸುಗಳಿಗಿಂತ ಹೆಚ್ಚಾಗಿ ಸಂಘಗಳ ಸಭೆ, ಕೇರಿ, ಹಳ್ಳಿಗಳಲ್ಲಿ 16 ಮಿ.ಮೀ. ಪ್ರೊಜೆಕ್ಟರಿನ ಮೂಲಕ ಜನರನ್ನು ತಲುಪಿದವು, ಚರ್ಚೆಗೆ ದಾರಿ ಮಾಡಿದವು. ವ್ಯತ್ಯಾಸವೂ ಸ್ಪಷ್ಟ. ಫೋಗೋದ ಹಿಂದೆ ಸರ್ಕಾರದ ಹಣ ಮತ್ತು ವಿಶ್ವವಿದ್ಯಾಲಯವಿತ್ತು, ಸಚಿವರನ್ನು ಪರದೆಯ ಮುಂದೆ ಕೂರಿಸುವ ಬಲವಿತ್ತು. ಯುಗಾಂತರ್‌ಗೆ ಅಂಥ ಆಸರೆಯಿರಲಿಲ್ಲ. ಅದರ ಬಲ ಇದ್ದದ್ದು ಮಹಿಳಾ ಚಳವಳಿ ಮತ್ತು ಕಾರ್ಮಿಕ ಸಂಘಟನೆಗಳ ಸ್ನೇಹದಲ್ಲಿ. ಈಚೆಗೆ ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯ ನೆರವಿನಿಂದ ಈ ಚಿತ್ರಗಳ ಪುನರುಜ್ಜೀವನವಾಗಿದೆ.

ಉಪಸಂಹಾರ

ಮಾಂಟ್ರಿಯಲ್, ಫೋಗೋ, ನಿಪ್ಪಾಣಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ತೀರ್ಮಾನಕ್ಕೆ ಬರಬಹುದು. ಸಹಾನುಭೂತಿ ಮೂರೂ ಕಡೆ ಇತ್ತು, ಕಲೆಗಾರಿಕೆಯೂ ಇತ್ತು. ಚಿತ್ರದಲ್ಲಿರುವವರನ್ನೇ ಮೊದಲ ಪ್ರೇಕ್ಷಕರನ್ನಾಗಿ, ಮೊದಲ ವಿಮರ್ಶಕರನ್ನಾಗಿ ಗೌರವಿಸಿದಲ್ಲಿ ಚಿತ್ರ ಅವರ ಕೈಯ ಸಾಧನವಾಯಿತು. ಹಾಗೆ ಮಾಡದಿದ್ದಲ್ಲಿ ಅವರ ಬದುಕು ಇನ್ನೊಬ್ಬರ ನೋಟದ ಸರಕಾಯಿತು. ಇಂದು ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವಾಗ, ಇನ್ನೊಬ್ಬರ ಕಷ್ಟ ಕ್ಷಣಾರ್ಧದಲ್ಲಿ ಲೋಕಕ್ಕೆಲ್ಲ ಹರಡುವಾಗ, ಈ ಕ್ರಮದ ಪ್ರಶ್ನೆ ಇನ್ನಷ್ಟು ತುರ್ತಿನದು.

ಕನ್ನಡದ ಚಲನಚಿತ್ರ ಅಧ್ಯಯನಕಾರರಲ್ಲಿ ಒಂದು ವಿನಂತಿ. ಸಾಕ್ಷ್ಯಚಿತ್ರದ ಚರಿತ್ರೆ ಬರೆಯುವಾಗ ನಿರ್ದೇಶಕರ ಸಂದರ್ಶನಕ್ಕೆ ನಿಲ್ಲದೆ, ಚಿತ್ರದಲ್ಲಿ ಕಾಣುವವರನ್ನೂ ಪ್ರದರ್ಶನಕ್ಕೆ ಬಂದು ಕೂತವರನ್ನೂ ಹುಡುಕಿ ಮಾತಾಡಿಸಬೇಕು. ನಿಪ್ಪಾಣಿಯ ಹೋರಾಟಕ್ಕೆ ನಾಲ್ಕು ದಶಕ ಕಳೆದಿದೆ. ಅದರಲ್ಲಿ ಪಾಲ್ಗೊಂಡವರ ನೆನಪುಗಳನ್ನು ದಾಖಲಿಸಲು ಉಳಿದಿರುವ ಕಾಲ ಕಡಿಮೆ. ಈ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಈಗಲೇ ಕೈಗೆತ್ತಿಕೊಳ್ಳಬೇಕು.